ಐದು ಬಿಂದು ಎಂಟು

ಕ್ರಾಶ್ನಿಕ್ ಊರಿನ ಬೇರಿಂಗ್ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷದಿಂದ ನನ್ನದು ಅಳೆಯುವ ಕೆಲಸ.
ಉಕ್ಕಿನ ಗುಂಡು ಬರುತ್ತದೆ, ಅಳೆಯುತ್ತೇನೆ,
ಕೂದಲೆಳೆಯ ನೂರರಲ್ಲೊಂದು ಪಾಲು ಹೆಚ್ಚಾದರೂ
ಕೆಂಪು ಡಬ್ಬಿ.
ಅದರಲ್ಲಿ ಬಿದ್ದದ್ದರ ಬಗ್ಗೆ
ಎಂದೂ ಯೋಚಿಸಿದವಳಲ್ಲ ನಾನು.

ಈಗ ಮಡಿಲಲ್ಲಿ ನನ್ನದೇ ಒಂದು ವರದಿ.
ಚೀಲದ ವ್ಯಾಸ, ಸರಾಸರಿ, ಹದಿನಾರು.
ಅದರೊಳಗಿನ ಹಳದಿ ಚೀಲ ಮೂರು ಬಿಂದು ನಾಲ್ಕು.
ನೆತ್ತಿಯಿಂದ ಪೃಷ್ಠಕ್ಕೆ ಐದು ಬಿಂದು ಎಂಟು.
ಎಲ್ಲ ಮಿಲಿಮೀಟರು.
ನೆತ್ತಿ ಯಾವುದು, ಪೃಷ್ಠ ಯಾವುದು?
ಪರದೆಯಲ್ಲಿ ನಾನು ಕಂಡದ್ದು
ಮಿಣುಕುವ ಒಂದು ಅಕ್ಕಿನುಚ್ಚು.
ಎದೆಬಡಿತ ನಿಮಿಷಕ್ಕೆ ನೂರ ಒಂಬತ್ತು.

ಆಮೇಲೆ ಎರಡು ಸಾಲು, ಒಂದರ ಕೆಳಗೊಂದು,
ಮಾತು ಬಿಟ್ಟ ಅಕ್ಕತಂಗಿಯರ ಹಾಗೆ:
ಕೊನೆಯ ಮುಟ್ಟಿನ ಲೆಕ್ಕಕ್ಕೆ ಏಳು ವಾರ ನಾಲ್ಕು ದಿನ.
ಅಳತೆಯ ಲೆಕ್ಕಕ್ಕೆ ಆರು ವಾರ ಎರಡು ದಿನ.

ಒಂಬತ್ತು ದಿನ ಎಲ್ಲಿ ಹೋಯಿತು?

ಡಾಕ್ಟರ್ ವಿಲ್ಕೋಶ್ ಕನ್ನಡಕ ಒರೆಸುತ್ತ ಅಂದರು:
"ದಿನಾಂಕ ನೆನಪಿನದು, ನೆನಪು ಜಾರುತ್ತದೆ.
ಅಂಡ ತಡವಾಗಿ ಹೊರಟಿರಬಹುದು.
ಇಲ್ಲವೇ..."
ಆ ಇಲ್ಲವೇಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು
"ಹತ್ತು ದಿನ ಬಿಟ್ಟು ಬನ್ನಿ.
ದಿನಕ್ಕೊಂದು ಮಿಲಿಮೀಟರು ಬೆಳೆಯಬೇಕು,
ಹೆಚ್ಚುಕಡಿಮೆ."

ಹೆಚ್ಚುಕಡಿಮೆ!
ನಮ್ಮಲ್ಲಿ ಆ ಮಾತಾಡಿದವರ ಲೆಕ್ಕ ಅವತ್ತೇ ಚುಕ್ತಾ.

ಸತ್ತವರ ಹಬ್ಬಕ್ಕೆ ಮುಂಚೆ, ಅತ್ತೆಯ ಗೋರಿ ತೊಳೆದು ಬಂದ ಸಂಜೆ
ಹೊಟ್ಟೆ ಹಿಂಡಿತ್ತು, ಅದು ನೆನಪಿದೆ.
ಆ ಸಂಜೆಯೋ, ಬರಿಯ ಚಳಿಯೋ?
ಬಕೆಟ್ಟಿನ ನೀರು ಕೊರೆಯುತ್ತಿತ್ತು.

ಆದರೆ ಡಾಕ್ಟರು ಮೂರು ಸಲ ಅಳೆದದ್ದು ಕಂಡಿದ್ದೇನೆ.
ಪುಟ್ಟ ಕೂಡುಚಿಹ್ನೆ ಈ ತುದಿಗೊಂದು, ಆ ತುದಿಗೊಂದು,
ನಡುವೆ ಚುಕ್ಕೆಸಾಲು.
ಐದು ಬಿಂದು ಆರು. ಆರು. ಐದು ಬಿಂದು ಎಂಟು.
ಮೂರೂ ಒಂದೇ ಬಂದಿದ್ದರೆ ನಂಬುತ್ತಿರಲಿಲ್ಲ.
ಕೈ ಅದುರುತ್ತದೆ, ಉಸಿರಿಗೆ ಹೊಟ್ಟೆ ಏಳುತ್ತದೆ,
ಕೂಡಿಸಿ ಭಾಗಿಸಿ ಬರೆದಿದ್ದಾರೆ.
ಕಸುಬು ಬಲ್ಲವರು.

ರಾತ್ರಿಪಾಳಿಯಲ್ಲಿ ಆ ಗಾತ್ರದ ಗುಂಡು ಹುಡುಕಿದೆ.
ಐದೂವರೆ ಇದೆ. ಆರು ಇದೆ.
"ನೀನು ಹೇಳುವ ಗಾತ್ರ ಪಟ್ಟಿಯಲ್ಲೇ ಇಲ್ಲ" ಎಂದಳು
ಗೋದಾಮಿನ ವಿಯೆಸ್ವಾವಾ. "ಯಾಕೆ ಬೇಕಿತ್ತು?"
ಸುಮ್ಮನೆ ಎಂದೆ.
ಆರರದ್ದೊಂದನ್ನು ಏಪ್ರನ್ ಜೇಬಿಗೆ ಹಾಕಿಕೊಂಡೆ.
ಕದ್ದದ್ದು ಅದೊಂದೇ, ಹನ್ನೊಂದು ವರ್ಷದಲ್ಲಿ.

"ಒಂಬತ್ತು ದಿನ ಹಿಂದಿದ್ದರೇನು," ಎಂದ ಟಿಮೋನ್,
"ಶಾಲೆಗೆ ನಾನೂ ತಡವಾಗಿಯೇ ಹೋಗುತ್ತಿದ್ದವನು."
ನಕ್ಕ. ನಡುರಾತ್ರಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು,
ನಿಲ್ಲಿಸಿದ ಸದ್ದು, ಮತ್ತೆ ಬಿಟ್ಟ ಸದ್ದು.

ಕ್ರಿಸ್ಮಸ್ಸಿನ ಹಿಂದಿನ ರಾತ್ರಿ
ಮೇಜಿಗೆ ಒಂದು ತಟ್ಟೆ ಹೆಚ್ಚು ಇಡುವುದು ನಮ್ಮ ವಾಡಿಕೆ,
ಹೇಳದೆ ಬರುವವರಿಗೆಂದು.
ಟಿಮೋನ್ ಅದನ್ನು ಎರಡೆರಡು ಸಲ ಒರೆಸಿದ.
ನಾನು ಗಸಗಸೆ ಪಾಯಸ ಬಡಿಸುತ್ತ
ಆ ತಟ್ಟೆಯ ಕಡೆ ನೋಡಲಿಲ್ಲ.
ಗಸಗಸೆ ಒಂದು ಮಿಲಿಮೀಟರು. ಒಂದು ದಿನದ್ದು.

ನಮ್ಮಲ್ಲೊಂದು ನಿಯಮ: ಅಳೆಯುವ ಮುನ್ನ ಗುಂಡು
ಇಪ್ಪತ್ತು ಡಿಗ್ರಿಯಲ್ಲಿ ಸುಮ್ಮನೆ ಕೂತಿರಬೇಕು.
ಮುಷ್ಟಿಯಲ್ಲಿ ಹಿಡಿದರೆ ಉಕ್ಕು ಕೂಡ ಹಿಗ್ಗುತ್ತದೆ,
ಹಿಗ್ಗಿದ್ದು ಡಬ್ಬಿಗೆ.
ನನ್ನೊಳಗೆ ಮೂವತ್ತೇಳು.
ಹಿಗ್ಗು, ಮಗೂ.
ಆ ಪದ ಬಾಯಿಗೆ ಬಂದದ್ದು ಅದೇ ಮೊದಲು,
ಯಾರಿಗೂ ಕೇಳಿಸಲಿಲ್ಲ, ಯಂತ್ರದ ಸದ್ದಿತ್ತು.

ಹತ್ತನೆಯ ದಿನ. ಒದ್ದೆ ಬೂಟು ಬಾಗಿಲಲ್ಲಿ.
ಹೊಟ್ಟೆಗೆ ತಣ್ಣನೆ ಲೋಳೆ.
ಮುಷ್ಟಿಯಲ್ಲಿ ಕದ್ದ ಗುಂಡು, ಬಿಸಿಯಾಗಿ.
ಡಾಕ್ಟರು ಮಾತಾಡುವುದಿಲ್ಲ.
ಮೊದಲ ಕೂಡುಚಿಹ್ನೆ ಈ ತುದಿಗೆ ಊರಿತು.
ಎರಡನೆಯದು ಹೊರಟಿದೆ,
ಚುಕ್ಕೆಯ ಹಿಂದೆ ಚುಕ್ಕೆ,
ಹೋದ ಸಲ ನಿಂತ ಕಡೆ ನಿಲ್ಲದೆ,
ಇನ್ನೂ
ಹೋಗುತ್ತಿದೆ